ರವಿವಾರದ ಮೊಣಕಾಲು

ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಆಗಬಾರದ್ದೆಲ್ಲ ಆಗುವುದು ರವಿವಾರವೇ. ಸೋಮವಾರದಿಂದ ಶನಿವಾರದವರೆಗೆ ಜನರೇಟರ್ ನಡೆಯುತ್ತದೆ, ನಳಕ್ಕೆ ನೀರು ಬರುತ್ತದೆ, ಹೊತ್ತಿಗೆ ಸರಿಯಾಗಿ ಆಯಾ ಬರುತ್ತಾಳೆ. ರವಿವಾರ ಬೆಳಗಾಯಿತೆಂದರೆ ಇವೆಲ್ಲ ಮಾತಾಡಿಕೊಂಡವರಂತೆ ಒಟ್ಟಿಗೇ ಕೈಕೊಡುತ್ತವೆ.

ತೊಂಬತ್ತರ ದಶಕದ ಕೊನೆಗೆ ನಾನು ಬೈಲಹೊಂಗಲದ ಇಪ್ಪತ್ತು ಹಾಸಿಗೆಗಳ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮ್ಯಾನೇಜರ್ ಆಗಿದ್ದೆ. ಹಾಗೆಂದು ಮೇಜಿನ ಮೇಲೆ ಒಂದು ಹಲಗೆ ಇತ್ತು. ಯಾರು ಕೆಲಸಕ್ಕೆ ಬರಲಿಲ್ಲವೋ ಅವರ ಕೆಲಸ ಮಾಡುವುದೇ ನನ್ನ ಕೆಲಸವಾಗಿತ್ತು. ಎಲ್ಲವನ್ನೂ ಹೇಗೋ ನಿಭಾಯಿಸಿದೆ. ಒಂದೇ ಒಂದು ಮೊಣಕಾಲು ಮಾತ್ರ ನನ್ನ ಐದಾರು ರವಿವಾರಗಳನ್ನು ನುಂಗಿ ನೀರು ಕುಡಿಯಿತು.

ಬಾಯಾರ ಷರತ್ತು

ನಮ್ಮ ಡಾಕ್ಟರ್ ಸಾಹೇಬರು ಎಲುಬಿನ ವೈದ್ಯರು. ಮುರಿದ ಎಲುಬು ಕೂಡಿಸಿದರೆ ಸಾಲದು, ಕೈಕಾಲು ಮೊದಲಿನ ಹಾಗೆ ಆಡಬೇಕು ಎಂದು ಅವರಿಗೆ ಬಹಳ ಆಸೆ. ಅದಕ್ಕಾಗಿ ಹಿಂದಿನ ಸಾಮಾನಿನ ಕೋಣೆ ಖಾಲಿ ಮಾಡಿಸಿ, ಹಿಡಿದು ನಡೆಯಲು ಎರಡು ಕಬ್ಬಿಣದ ಕಂಬಿ, ತಿರುವಲು ಒಂದು ಚಕ್ರ, ಹೆಜ್ಜೆ ಹತ್ತಿಳಿಯಲು ಮರದ ಮೆಟ್ಟಿಲು ಹಾಕಿಸಿ ಫಿಜಿಯೋಥೆರಪಿ ಎಂದು ಬೋರ್ಡು ಬರೆಸಿದರು. ಬೆಳಗಾವಿಯಿಂದ ಆ ವಿದ್ಯೆ ಕಲಿತ ಒಬ್ಬ ಹುಡುಗಿಯನ್ನೂ ಕರೆತಂದರು. ಬೋರ್ಡಿನ ಮೇಲಿನ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ರೋಗಿಗಳೆಲ್ಲ ಆಕೆಯನ್ನು, ಶಾಲೆಯ ಟೀಚರಮ್ಮನನ್ನು ಕರೆಯುವಂತೆ, ವ್ಯಾಯಾಮದ ಬಾಯಾರು ಎನ್ನತೊಡಗಿದರು.

ಬಾಯಾರು ಕೆಲಸಕ್ಕೆ ಸೇರುವಾಗಲೇ ಒಂದು ಷರತ್ತು ಹಾಕಿದರು. ಸೋಮವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ, ವಾರವೆಲ್ಲ ಸಿಸ್ಟರ್‌ಗಳ ಕೋಣೆಯಲ್ಲಿ ಇರುತ್ತೇನೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬೆಳಗಾವಿಗೆ ಹೋಗುತ್ತೇನೆ. ರವಿವಾರದ ಮಾತೇ ಎತ್ತಬಾರದು.

ಸಾಹೇಬರು ಸ್ವಲ್ಪ ಎಳೆದು ನೋಡಿದರು. "ರವಿವಾರ ಅರ್ಧಾ ದಿನಾ ಬಂದ್ರ ಆಗೂದಿಲ್ಲೇನ್ರಿ?"

"ಸರ್, ನೀವು ರವಿವಾರ ಆಪರೇಶನ್ ಮಾಡ್ತೀರೇನ್ರಿ?"

"ಇಲ್ಲ."

"ಯಾಕ್ರಿ ಸರ್?"

"ಯಾಕಂದ್ರ... ಅವತ್ತ ರವಿವಾರ ಅಲ್ಲೇನ್ರಿ!"

ಷರತ್ತು ಅಲ್ಲಿಗೆ ಮಂಜೂರಾಯಿತು.

ಎಷ್ಟು ಇಂಚು

ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಸಂಪಗಾಂವದಿಂದ ಟೇಲರ್ ಮಾಸ್ತರ ಬಂದ. ಸೈಕಲ್ ಮೇಲಿಂದ ಬಿದ್ದು ಬಲಗಾಲಿನ ಮೊಣಕಾಲ ಚಿಪ್ಪು ಎರಡು ಹೋಳಾಗಿತ್ತು. ಸಾಹೇಬರು ತಂತಿ ಹಾಕಿ ಬಿಗಿದು ಚಿಪ್ಪು ಕೂಡಿಸಿದರು. ಎಲುಬು ಸರಿಯಾಗಿ ಕೂಡಿತು, ಆದರೆ ಕಾಲು ಒನಕೆಯಂತೆ ಸೆಟೆದು ನಿಂತಿತು.

"ತೊಂಬತ್ತ ಡಿಗ್ರಿ ಮಡಚಬೇಕು ಮಾಸ್ತರ. ಅಂದ್ರನ ಮಶೀನ್ ತುಳಿಯಾಕ ಆಗತೈತಿ," ಎಂದರು ಸಾಹೇಬರು. "ಆರ ವಾರದಾಗ ಆಗಲಿಲ್ಲಂದ್ರ ಗುಂಗಿ ಔಷಧ ಕೊಟ್ಟು, ಎಚ್ಚರ ತಪ್ಪಿಸಿ, ನಾವ ಒತ್ತಿ ಮಡಚಬೇಕಾಗತೈತಿ."

ಮಾಸ್ತರನಿಗೆ ಹೊಟ್ಟೆಪಾಡು ಅಂತ ಇದ್ದದ್ದು ಅದೊಂದೇ ಮಶೀನು. ಆತ ಮುಖ ಸಣ್ಣದು ಮಾಡಿಕೊಂಡು ಕೇಳಿದ, "ಡಿಗ್ರಿ ಗಿಗ್ರಿ ನನಗ ತಿಳಿಯೂದಿಲ್ರಿ ಸಾಹೇಬ್ರ. ಇಂಚಿನಾಗ ಹೇಳ್ರಿ. ಎಷ್ಟ ಇಂಚ ಮಡಚಬೇಕು?"

ಬಾಯಾರ ಹತ್ತಿರ ಕೋನ ಅಳೆಯುವ ಒಂದು ಪಟ್ಟಿ ಇತ್ತು, ಶಾಲೆಯ ಕಂಪಾಸ್ ಪೆಟ್ಟಿಗೆಯಲ್ಲಿ ಇರುತ್ತದಲ್ಲ, ಅದರ ದೊಡ್ಡ ಅಣ್ಣನಂಥದ್ದು. ಮೊದಲನೆಯ ವಾರ ಶನಿವಾರ ಅಳೆದಾಗ ಮಾಸ್ತರನ ಕಾಲು ಐವತ್ತು ಡಿಗ್ರಿ ಮಡಚುತ್ತಿತ್ತು. ಸೋಮವಾರ ಬಂದು ಅಳೆದರೆ ನಲವತ್ತು. ಒಂದು ದಿನ ಆಡಿಸದೇ ಬಿಟ್ಟದ್ದಕ್ಕೆ ಅರ್ಧ ವಾರದ ದುಡಿಮೆ ಹೋಗಿತ್ತು. ಬಾಯಾರು ಚೀಟಿಯಲ್ಲಿ ಎರಡೂ ಅಂಕಿ ಬರೆದು ಸಾಹೇಬರ ಮೇಜಿನ ಮೇಲಿಟ್ಟರು. ಸಾಹೇಬರು ಅದನ್ನು ನನ್ನ ಮೇಜಿನ ಮೇಲಿಟ್ಟರು. "ರವಿವಾರಕ್ಕ ಯಾರನ್ನಾರ ಹಚ್ರಿ ಮ್ಯಾನೇಜರ್ರ."

ನಾನು ಇಡುವುದಕ್ಕೆ ಮುಂದೆ ಯಾವ ಮೇಜೂ ಇರಲಿಲ್ಲ.

ಕಿತ್ತೂರಿನ ವಸ್ತಾದ

ಬೆಳಗಾವಿ, ಧಾರವಾಡ ಎರಡೂ ಕಡೆ ಫೋನು ಮಾಡಿದೆ. ರವಿವಾರ ಬೈಲಹೊಂಗಲಕ್ಕೆ ಬರುತ್ತೇನೆ ಎನ್ನುವ ಫಿಜಿಯೋಥೆರಪಿಸ್ಟ್ ಕರ್ನಾಟಕದಲ್ಲಿ ಹುಟ್ಟಿರಲಿಲ್ಲ. ಆಗ ನಮ್ಮ ಸಿಸ್ಟರ್ ಒಬ್ಬರು ಕಿತ್ತೂರಿನ ಒಬ್ಬ ವಸ್ತಾದನ ಹೆಸರು ಹೇಳಿದರು. ಗರಡಿಮನೆ ನಡೆಸಿದ ಮನುಷ್ಯ, ವಯಸ್ಸು ಅರವತ್ತು ದಾಟಿತ್ತು, ಪೈಲವಾನರ ಉಳುಕು ತೆಗೆಯುವುದರಲ್ಲಿ ಎತ್ತಿದ ಕೈ. ಬಾಯಾರು ವ್ಯಾಯಾಮ ಬರೆದಿಟ್ಟ ಚೀಟಿ ತೋರಿಸಿ, ಇಷ್ಟೇ ಮಾಡಬೇಕು, ಇದಕ್ಕಿಂತ ಹೆಚ್ಚಿಗೆ ಬೇಡ ಎಂದು ಹೇಳಿ ಒಪ್ಪಿಸಿದೆ.

ರವಿವಾರ ಒಂಬತ್ತಕ್ಕೆ ವಸ್ತಾದ ಒಂದು ಬಾಟಲಿ ಎಣ್ಣೆ ಹಿಡಿದು ಬಂದ. ವಾರ್ಡಿನ ಬಾಗಿಲಲ್ಲಿ ನಿಂತು ತೋಳು ಮಡಚುವುದಕ್ಕೂ ಮಾಸ್ತರ ಅದನ್ನು ನೋಡುವುದಕ್ಕೂ ಸರಿಹೋಯಿತು. ಆ ತೋಳು ಮಾಸ್ತರನ ಸೊಂಟದಷ್ಟಿತ್ತು.

"ಪಾಯಖಾನಿಗೆ ಹೋಗಿ ಬರತೇನ್ರಿ," ಎಂದು ಮಾಸ್ತರ ಕುಂಟುತ್ತ ಹೋದ. ಅಷ್ಟು ಲಗುಬಗೆಯಿಂದ ಆತ ನಡೆದದ್ದನ್ನು ಆಸ್ಪತ್ರೆಗೆ ಬಂದಮೇಲೆ ನಾವು ನೋಡಿದ್ದು ಅದೇ ಮೊದಲು.

ವಸ್ತಾದ ಸುಮ್ಮನೆ ಕೂರುವ ಆಸಾಮಿಯಲ್ಲ. ರಾಮದುರ್ಗದ ಕಡೆಯ ರೋಗಿಯೊಬ್ಬರ ಅಣ್ಣ ಪಕ್ಕದಲ್ಲಿ ನಿಂತು ಸೊಂಟ ಹಿಡಿದುಕೊಂಡಿದ್ದ. "ಬಾ ಇಲ್ಲಿ," ಎಂದು ಅವನನ್ನು ಬೆಂಚಿನ ಮೇಲೆ ಮಕಾಡೆ ಮಲಗಿಸಿದ. ಐದು ನಿಮಿಷದ ಮೇಲೆ ಆತ ಎದ್ದು "ಹಗರ ಆತು ನೋಡ್ರಿ!" ಎಂದ. ಆ ಮಾತು ವಾರ್ಡು ದಾಟಿ ಹೊರಗಿನ ಕಟ್ಟೆಯವರೆಗೂ ಹೋಯಿತು. ರೋಗಿಗಳನ್ನು ನೋಡಿಕೊಳ್ಳಲು ಬಂದವರು, ಎದುರಿನ ಚಹಾದಂಗಡಿಯವ, ರಕ್ತ ತಪಾಸಣೆಯವ, ಎಲ್ಲರೂ ಸಾಲಾಗಿ ನಿಂತು ಪಾಳಿ ಹಿಡಿದರು. ಸಂಜೆ ನಾಲ್ಕಕ್ಕೆ ಎಣ್ಣೆ ಮುಗಿಯಿತು. ಮಾಸ್ತರ ಅಷ್ಟೂ ಹೊತ್ತು ಪಾಯಖಾನೆಗೆ ಆರು ಸಲ ಹೋಗಿದ್ದ.

ಸೋಮವಾರ ಕಾಲು ಹನ್ನೊಂದು ಡಿಗ್ರಿ ಇಳಿದಿತ್ತು. ಸಾಹೇಬರು ಗರಂ ಆದರು. "ರೋಗಿ ಒಬ್ಬನ್ನ ಬಿಟ್ಟು ಊರ ಮಂದಿಗೆಲ್ಲ ತಿಕ್ಕಿ ಹೋಗ್ಯಾನಂತಲ್ರಿ. ನೀವು ಏನ್ ಮಾಡಾಕ ಹತ್ತಿದ್ರಿ?"

ನಾನು ತಲೆ ತಗ್ಗಿಸಿದೆ. ಕುತ್ತಿಗೆ ಬಹಳ ಸಲೀಸಾಗಿ ತಗ್ಗಿತು. ಪಾಳಿಯಲ್ಲಿ ನನ್ನದು ಮೂರನೆಯ ನಂಬರು ಇತ್ತು.

ಸಾವಧಾನ್, ವಿಶ್ರಾಮ್

ಈ ಸಲ ಮೈಮುಟ್ಟದೆ ವ್ಯಾಯಾಮ ಮಾಡಿಸುವವರು ಬೇಕು ಎಂದುಕೊಂಡು ಮುರಗೋಡದಿಂದ ಒಬ್ಬ ನಿವೃತ್ತ ಪಿ.ಟಿ. ಮಾಸ್ತರರನ್ನು ಕರೆಸಿದೆ. ಬಿಳಿ ಪ್ಯಾಂಟು, ಬಿಳಿ ಬೂಟು, ಕೊರಳಲ್ಲಿ ಸೀಟಿ. ಬಾಯಾರ ಚೀಟಿ ಓದಿ, "ಇದೇನ್ ದೊಡ್ಡ ಮಾತಲ್ಲ. ಐದ ನೂರ ಹುಡುಗೂರಿಗೆ ಮಾಡಿಸೇನಿ," ಎಂದರು.

ಅವರು ಒಬ್ಬೊಬ್ಬರಿಗೆ ಮಾಡಿಸುವುದನ್ನು ತಿಳಿದವರಲ್ಲ. ಸೀಟಿ ಊದಿ ಇಡೀ ವಾರ್ಡನ್ನು ಎಬ್ಬಿಸಿದರು. ಕಾಲಿನ ರೋಗಿಗಳು ಆರು ಮಂದಿ ಇದ್ದರು. ಎಲ್ಲರೂ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕೂತರು. "ಸಾವಧಾನ್!" ಎಂದ ಕೂಡಲೇ ಸಲಾಯಿನ್ ಹಚ್ಚಿಕೊಂಡಿದ್ದ ಒಬ್ಬ ಮುದುಕನೂ ಮಲಗಿದಲ್ಲೇ ಸೆಟೆದುಕೊಂಡ.

"ಮೊದಲ ಎಡಗಾಲು! ಒಂದು, ಮ್ಯಾಲ! ಎರಡು, ಕೆಳಗ!"

ಐದು ಮಂದಿ ಎಡಗಾಲು ಎತ್ತಿದರು. ಸವದತ್ತಿಯ ಒಬ್ಬ ಅಜ್ಜಿ ಬಲಗಾಲು ಎತ್ತಿದಳು.

"ತಪ್ಪು! ಎಲ್ಲಾರೂ ಒಮ್ಮೆ ಸರಿ ಮಾಡೂತನಾ ಬಲಗಾಲಿಗೆ ಹೋಗೂದಿಲ್ಲ! ಮತ್ತೊಮ್ಮೆ! ಎಡಗಾಲು!"

ನಮ್ಮ ಟೇಲರ್ ಮಾಸ್ತರ ಬಹಳ ಶ್ರದ್ಧೆಯಿಂದ ಎಡಗಾಲು ಎತ್ತಿದ, ಇಳಿಸಿದ, ಮಡಚಿದ, ಚಾಚಿದ. ಅಜ್ಜಿ ಪ್ರತಿಸಲ ಬಲಗಾಲೇ ಎತ್ತುತ್ತಿದ್ದಳು. "ನನ್ನ ಎಡಗಾಲ ಮುರದೈತೋ ಯಪ್ಪಾ, ಅದನ್ನ ಹೆಂಗ ಎತ್ತಲಿ?" ಎಂದು ಆಕೆ ಹೇಳುತ್ತಿದ್ದುದು ಸೀಟಿಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಹೀಗೆ ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ನಡೆಯಿತು.

ಸೋಮವಾರ ಬಾಯಾರು ಪಟ್ಟಿ ಹಚ್ಚಿ ನೋಡಿದರು. ಶನಿವಾರ ಅರವತ್ತಿದ್ದ ಬಲಗಾಲು ಐವತ್ತು. ನನ್ನ ಮುಖ ನೋಡಿ ಕನಿಕರ ಹುಟ್ಟಿತೋ ಏನೋ, ಎಡಗಾಲಿಗೂ ಒಮ್ಮೆ ಪಟ್ಟಿ ಹಚ್ಚಿದರು. "ಇದು ಮಾತ್ರ ಸಾಲಿ ಹುಡುಗೂರ ಕಾಲಿನಂಗ ಆಗೇತಿ ನೋಡ್ರಿ," ಎಂದರು.

ಹೆಂಡತಿಯ ಲೆಕ್ಕ

ಹೊರಗಿನವರ ಸಹವಾಸ ಸಾಕು, ಮನೆಯವರಿಗೇ ಕಲಿಸೋಣ ಎಂದರು ಬಾಯಾರು. ಮಾಸ್ತರನ ಹೆಂಡತಿ ಚುರುಕು ಹೆಂಗಸು. ಶನಿವಾರ ಆಕೆಯನ್ನು ಕೂಡಿಸಿಕೊಂಡು, ಹೇಗೆ ಮಡಚಬೇಕು, ಎಷ್ಟು ಹೊತ್ತು ಹಿಡಿಯಬೇಕು ಎಲ್ಲ ಕಲಿಸಿದರು. ಇಪ್ಪತ್ತು ಸಲ, ದಿನಕ್ಕೆ ಮೂರು ಹೊತ್ತು. ಮಾಡಿದ ಪ್ರತಿ ಸಲಕ್ಕೂ ಹಾಳೆಯ ಮೇಲೆ ಒಂದು ಗೆರೆ ಎಳೆಯಬೇಕು.

ಸೋಮವಾರ ಹಾಳೆ ನೋಡಿದರೆ ಅರವತ್ತು ಗೆರೆ, ನೂಲು ಹಿಡಿದಂತೆ ನೆಟ್ಟಗೆ. ಕಾಲು ನೋಡಿದರೆ ಹನ್ನೆರಡು ಡಿಗ್ರಿ ಹಿಂದಕ್ಕೆ ಹೋಗಿತ್ತು. ಬಾಯಾರು ಸಾಹೇಬರನ್ನೇ ಕರೆತಂದರು.

"ಖರೇ ಹೇಳವಾ, ಮಾಡಿಸಿದ್ಯೋ ಇಲ್ಲೋ?" ಎಂದರು ಸಾಹೇಬರು.

"ತಾಳಿ ಮುಟ್ಟಿ ಹೇಳತೇನ್ರಿ, ಅರವತ್ತರಾಗ ಒಂದೂ ತಪ್ಪಿಸಿಲ್ಲ."

"ಮತ್ತ ಕಾಲ್ ಯಾಕ ಹಿಂಗೈತಿ?"

"ಇವ್ರಿಗೆ ಭಾಳ ಬ್ಯಾನಿ ಆಗಾಕ ಹತ್ತಿತ್ರಿ. ಹಲ್ಲು ಕಚ್ಚಿ ಅಳಾಕ ಹತ್ತಿದ್ರು. ನೋಡಾಕ ಆಗಲಿಲ್ಲ. ಹಂಗಂತ ನೀವು ಹೇಳಿದ್ದ ಬಿಡಾಕ ಬರತೈತೇನ್ರಿ? ಇವ್ರ ಪಾಲಿಂದು ನಾನೇ ಮಾಡೇನಿ." ಆಕೆ ಸೀರೆ ಸ್ವಲ್ಪ ಒತ್ತಿಕೊಂಡು ತನ್ನ ಮೊಣಕಾಲು ಮುಟ್ಟಿ ತೋರಿಸಿದಳು. "ಇನ್ನೂ ನೋಯತೈತಿ ನೋಡ್ರಿ."

ಸಾಹೇಬರು ಹಣೆ ಒತ್ತಿಕೊಂಡರು. "ಯವ್ವಾ, ನೀ ಕಾಲ ಮಡಚಿದ್ರ ಅವನ ಕಾಲ ಹೆಂಗ ಬಗ್ಗತೈತಿ?"

ಆಕೆಗೆ ಸಿಟ್ಟೇ ಬಂತು. "ಹ್ವಾದ ವರ್ಷ ಇವ್ರಿಗೆ ಟೈಫಾಯಿಡ್ ಜ್ವರ ಬಂದಿತ್ರಿ. ಸವದತ್ತಿ ಗುಡ್ಡದಾಗ ನೆಲಕ್ಕ ಅಡ್ಡಬೀಳಕೋತ ದೀಡ ನಮಸ್ಕಾರ ಹಾಕಿದ್ದ ಯಾರು? ಇವ್ರೇನು? ನಾನು. ಇವ್ರಿಗೆ ಆರಾಮ ಆತೋ ಇಲ್ಲೋ?"

ಸಾಹೇಬರು ಮಾಸ್ತರನ ಕಡೆ ನೋಡಿದರು. ಮಾಸ್ತರ ಮಲಗಿದಲ್ಲಿಂದಲೇ, "ಆತ್ರಿ. ಮೂರ ದಿನದಾಗ," ಎಂದ.

ಟವೆಲಿನ ಕೆಳಗೆ

ಮುಂದಿನ ರವಿವಾರ ನಾನೇ ಅಂಗಿಯ ತೋಳು ಏರಿಸಿದೆ. ಬಾಯಾರ ಹತ್ತಿರ ವಾರವಿಡೀ ಕಲಿತಿದ್ದೆ. ಒಂದು ತಪ್ಪು ಮಾಡಿದೆ. ರವಿವಾರವೆಂದರೆ ರೋಗಿಯನ್ನು ಮಾತಾಡಿಸಲು ಊರಿನವರು ಬರುವ ದಿನ ಎನ್ನುವುದನ್ನು ಮರೆತೆ. ಹನ್ನೊಂದಕ್ಕೆ ಸಂಪಗಾಂವದಿಂದ ಒಂದು ಟೆಂಪೋ ಬಂತು. ಹದಿನೆಂಟು ಜನ, ಮೂರು ಡಜನ್ ಬಾಳೆಹಣ್ಣು, ಲೆಕ್ಕವಿಲ್ಲದಷ್ಟು ಬ್ರೆಡ್ಡು. ಅವರು ಒಳಗೆ ಬರುವ ಹೊತ್ತಿಗೆ ನಾನು ಮಾಸ್ತರನ ಕಾಲು ಹಿಡಿದು ಮಡಚುತ್ತಿದ್ದೆ. ಮಾಸ್ತರ ಸತ್ತೆನೋ ಎಂದು ಕೂಗುತ್ತಿದ್ದ.

"ಏ, ಬಿಡ್ರಿ! ಬಡವ್ರ ಕಾಲಂದ್ರ ಕಟಿಗಿ ಅಂತ ತಿಳದೀರೇನು?" ಎಂದು ನಾಲ್ಕು ಜನ ನನ್ನನ್ನು ಹಿಂದಕ್ಕೆ ಎಳೆದರು.

ಅವರಲ್ಲಿ ಒಬ್ಬ ಹಿರಿಯ ದನದ ಪೇಟೆಯ ದಲಾಲಿ. ಊರಿನ ಜಗಳಗಳನ್ನೂ ಅವನೇ ಬಗೆಹರಿಸುತ್ತಿದ್ದನಂತೆ. ಎಲ್ಲರನ್ನೂ ಸುಮ್ಮನಾಗಿಸಿ ನನ್ನನ್ನು ಕೇಳಿದ, "ನಿಮ್ಮ ಡಾಕ್ಟರ್ ಎಷ್ಟ ಕೇಳಾಕ ಹತ್ಯಾರು?"

"ತೊಂಬತ್ತು."

"ಇವಾ ಎಷ್ಟ ಕೊಡತಾನ?"

"ಐವತ್ತರ ಮ್ಯಾಲ ಹೋದ್ರ ಒದರತಾನ."

"ಹಂಗಾರ ಕುಂತ ಮಾತಾಡೂಣು," ಎಂದು ಹೆಗಲ ಮೇಲಿನ ಟವೆಲು ತೆಗೆದು ನನ್ನ ಕೈಮೇಲೆ ಹಾಕಿದ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟೆಯ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಒಂದು ಬೆರಳೆಂದರೆ ಹತ್ತು. ಅವನು ಮೊದಲು ಐದು, ಮತ್ತೆ ಒಂದು, ಹೀಗೆ ನನ್ನ ಆರು ಬೆರಳು ಒತ್ತಿದ. ನಾನು ಒಪ್ಪಲಿಲ್ಲ. ಏಳು ಒತ್ತಿದ.

ಅಷ್ಟರಲ್ಲಿ ಗದ್ದಲ ಕೇಳಿ ಸಾಹೇಬರೇ ಆಸ್ಪತ್ರೆಯ ಮಾಳಿಗೆಯ ಮೇಲಿನ ಮನೆಯಿಂದ ಇಳಿದು ಬಂದರು. ದಲಾಲಿ ನನ್ನ ಕೈ ಬಿಟ್ಟು, ಟವೆಲನ್ನು ಅವರ ಕೈಮೇಲೆ ಹಾಕಿದ. ಸಾಹೇಬರು ಒಕ್ಕಲುತನದ ಮನೆಯವರು. ಟವೆಲು ಬಿದ್ದ ಕೂಡಲೇ ಕೈ ತಾನಾಗಿ ಒಳಗೆ ಹೋಯಿತು. ಸ್ವಲ್ಪ ಹೊತ್ತು ಟವೆಲು ಅಲುಗಿತು. ಆಮೇಲೆ ದಲಾಲಿ ಟವೆಲು ಕೊಡವಿ, "ಎಂಬತ್ತಕ್ಕ ಮುಗೀತು! ಯಾರೂ ಹಿಂದ ಸರಿಯಂಗಿಲ್ಲ," ಎಂದು ಸಾರಿದ.

ಊರಿನವರು ಸಮಾಧಾನವಾಗಿ ಬಾಳೆಹಣ್ಣು ಹಂಚಿದರು. ಸಾಹೇಬರು ಮೆಟ್ಟಿಲು ಅರ್ಧ ಹತ್ತಿ ತಿರುಗಿ ನಿಂತರು. "ಮ್ಯಾನೇಜರ್ರ, ನಾ ಈಗ ಏನ್ ಮಾಡಿದೆ?"

ಮಶೀನು

ನಗುವ ಮಾತು ಹಾಗಿರಲಿ. ಆರು ವಾರ ಮುಗಿಯುತ್ತ ಬಂದಿತ್ತು. ಆ ಶನಿವಾರ ಬಾಯಾರು ಬಸ್ಸಿಗೆ ಹೋಗುವ ಮುಂಚೆ ಅಳೆದಾಗ ಎಪ್ಪತ್ತೊಂದು. ಸಾಹೇಬರು ಖಡಾಖಂಡಿತವಾಗಿ ಹೇಳಿದರು. "ಸೋಮವಾರ ಮತ್ತ ಇಳದಿತ್ತಂದ್ರ ಮಂಗಳವಾರ ಗುಂಗಿ ಔಷಧ ಕೊಟ್ಟು ಮಡಚೂದು. ಇನ್ನ ಕಾಯಾಕ ಬರೂದಿಲ್ಲ."

ಮಧ್ಯಾಹ್ನ ವಾರ್ಡಿಗೆ ಹೋದರೆ ಮಾಸ್ತರ ಗೋಡೆಗೆ ಮುಖ ಮಾಡಿ ಅಳುತ್ತಿದ್ದ. "ಬ್ಯಾನಿ ಅಂತ ಅಳಾಕ ಹತ್ತಿಲ್ರಿ," ಎಂದ. "ಒತ್ತಿ ಮಡಚೂವಾಗ ಮತ್ತ ಮುರೀತಂದ್ರ? ಹದಿನಾಕ ವರ್ಷದಾಂವ ಇದ್ದಾಗಿಂದ ಅದೊಂದ ತುಳಕೋತ ಬಂದೇನಿ. ಬ್ಯಾರೆ ಏನೂ ಬರೂದಿಲ್ರಿ ನನಗ."

ನನಗೆ ನಾಚಿಕೆಯಾಯಿತು. ಇಷ್ಟು ರವಿವಾರ ನಾನು ಡ್ಯೂಟಿ ಹಾಳೆಯಲ್ಲಿ ಖಾಲಿ ಬಿದ್ದ ಚೌಕ ತುಂಬುವುದನ್ನೇ ಯೋಚಿಸಿದ್ದೆ. ಈ ಮನುಷ್ಯ ಏನು ಕಳೆದುಕೊಳ್ಳುತ್ತಾನೆ ಎಂದು ಒಮ್ಮೆಯೂ ಪಕ್ಕದಲ್ಲಿ ಕೂತು ಕೇಳಿರಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ.

ಆತನ ಹೆಂಡತಿ ನಮ್ಮಿಬ್ಬರನ್ನೂ ನೋಡಿದಳು, ಸೆರಗು ಸಿಕ್ಕಿಸಿಕೊಂಡಳು, ಎದ್ದು ಹೋದಳು. ಸಂಜೆ ಐದಕ್ಕೆ, ಊರಿನವರು ಬಂದಿದ್ದ ಅದೇ ಟೆಂಪೋದಲ್ಲಿ ವಾಪಸು ಬಂದಳು. ಹಿಂದೆ ಹೊಲಿಗೆ ಮಶೀನು.

"ಇದನ್ನ ಎಲ್ಲಿಡಲಿ?" ಎಂದು ಕೇಳಿದ ಆಕೆಯ ಮುಖ ನೋಡಿದರೆ ಬೇಡ ಎನ್ನುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ. ಫಿಜಿಯೋಥೆರಪಿ ಕೋಣೆಯ ಕೀಲಿ ತೆಗೆದೆ.

ರವಿವಾರ ಬೆಳಿಗ್ಗೆ ಮಾಸ್ತರ ಎತ್ತರದ ಸ್ಟೂಲಿನ ಮೇಲೆ ಕೂತ. ಕಾಲು ಪೆಡಲಿಗೆ ಮುಟ್ಟಲು ಒಪ್ಪಲಿಲ್ಲ. ಆಕೆ ಆಸ್ಪತ್ರೆಯ ಒಂದು ಹರಿದ ಚಾದರವನ್ನು ಕೈಗೆ ಕೊಟ್ಟಳು. ಬಟ್ಟೆ ಸೂಜಿಯ ಕೆಳಗೆ ಹೋಯಿತು, ಮಾಸ್ತರನ ಕಣ್ಣು ಬಟ್ಟೆಯ ಮೇಲೆ ಹೋಯಿತು. ಮೊಣಕಾಲಿನ ಕಡೆ ಆಮೇಲೆ ಅವನ ಗಮನವೇ ಇಲ್ಲ. ಮೊದಮೊದಲು ಬರೀ ಹಿಮ್ಮಡಿ ಆಡಿತು. ಪ್ರತಿ ಚಾದರ ಮುಗಿದಾಗಲೂ ಆಕೆ ಸ್ವಲ್ಪ ತಗ್ಗಿನ ಸ್ಟೂಲು ತಂದು ಹಾಕುತ್ತಿದ್ದಳು. ಸ್ಟೂಲು ತಗ್ಗಿದಷ್ಟೂ ಕಾಲು ಬಗ್ಗಬೇಕಲ್ಲ. ಮಧ್ಯಾಹ್ನದ ಹೊತ್ತಿಗೆ ಟಕಟಕ ಸದ್ದು ಹೊರಗೆ ರಸ್ತೆಗೆ ಕೇಳುತ್ತಿತ್ತು.

ಸಾಹೇಬರು ಬಂದು ಬಾಗಿಲಲ್ಲಿ ನಿಂತರು. ನಾನು ಬೈಗುಳಕ್ಕೆ ತಯಾರಾದೆ. ಅವರು ಬಗ್ಗಿ ಮಶೀನಿನ ಕೆಳಗೆ ಬಹಳ ಹೊತ್ತು ನೋಡಿದರು. "ಇನ್ನೊಂದ ಇಂಚ ತಗ್ಗಸ್ರಿ," ಎಂದಷ್ಟೇ ಹೇಳಿ ಹೋದರು.

ಸೋಮವಾರ ಎಂಬತ್ತಮೂರು. ಆಸ್ಪತ್ರೆಯ ಇತಿಹಾಸದಲ್ಲಿ ರವಿವಾರ ಏರಿದ ಮೊದಲ ಮೊಣಕಾಲು. ಮಂಗಳವಾರದ ಗುಂಗಿ ಔಷಧ ರದ್ದಾಯಿತು. ಬಾಯಾರು ಮಶೀನನ್ನು ಸುತ್ತು ಹಾಕಿ ನೋಡಿ, ಇನ್ನೊಂದು ವಾರ ಇದು ಇಲ್ಲೇ ಇರಲಿ ಎಂದರು.

ಆ ವಾರದಲ್ಲಿ ಆಸ್ಪತ್ರೆಯ ಚಾದರಗಳೆಲ್ಲ ಮುಗಿದವು. ಸಿಸ್ಟರ್‌ಗಳು ತಮ್ಮ ಖಣಗಳನ್ನು ತಂದು ಕುಪ್ಪಸ ಹೊಲಿಸಿಕೊಂಡರು. ಮಾಸ್ತರನ ಕೈಗುಣ ಊರಿಗೆ ಗೊತ್ತಾಗಲು ಅಷ್ಟು ಸಾಕಾಯಿತು. ಮುಂದಿನ ರವಿವಾರ ಫಿಜಿಯೋಥೆರಪಿ ಕೋಣೆಯ ಹೊರಗೆ ಬಾಗಿಲಿನಿಂದ ಗೇಟಿನವರೆಗೆ ಹೆಂಗಸರ ಪಾಳಿ. ಸಾಹೇಬರು ಮಾಳಿಗೆಯ ಮೇಲಿಂದ ನೋಡಿ ಹಿಗ್ಗಿ ಹೀರೇಕಾಯಾದರು. "ನೋಡ್ರಿ ಮ್ಯಾನೇಜರ್ರ, ವ್ಯಾಯಾಮದ ಮಹತ್ವ ಮಂದಿಗೆ ಈಗ ತಿಳೀತು," ಎಂದರು. ನಾನು ಅವರ ಸಂತೋಷ ಕೆಡಿಸಲಿಲ್ಲ.

ಹತ್ತೂವರೆಗೆ ಬೆಳಗಾವಿಯ ಬಸ್ಸಿನಿಂದ ಬಾಯಾರು ಇಳಿದರು. ರವಿವಾರ! ಸಾಹೇಬರು ನಂಬಲಾರದೆ ಕೆಳಗೆ ಓಡಿಬಂದರು. ಬಾಯಾರು ಯಾರ ಜೊತೆಗೂ ಮಾತಾಡದೆ ನೇರ ಒಳಗೆ ಹೋಗಿ, ಮಾಸ್ತರನನ್ನು ಮಂಚದ ಮೇಲೆ ಕೂಡಿಸಿ ಪಟ್ಟಿ ಹಚ್ಚಿದರು. ತೊಂಬತ್ತೆರಡು. ಮತ್ತೊಮ್ಮೆ ಅಳೆದರು. ತೊಂಬತ್ತೆರಡೇ. ಮಾಸ್ತರನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನನ್ನ ಕಣ್ಣುಗಳೂ ತೇವವಾದವು, ಸುಳ್ಳು ಯಾಕೆ ಹೇಳಲಿ.

"ಒಬ್ಬ ರೋಗಿ ಸಲುವಾಗಿ ಸೂಟಿ ಬಿಟ್ಟು ಬಂದಾರ ನೋಡ್ರಿ. ಇದಕ್ಕಂತಾರ ನಿಷ್ಠಾ!" ಎಂದು ಸಾಹೇಬರು ಸುತ್ತಲಿದ್ದವರಿಗೆಲ್ಲ ಹೇಳಿದರು. ನಾನು ಹಾಜರಿ ಪುಸ್ತಕ ತಂದು ಬಾಯಾರ ಹೆಸರಿನ ಮುಂದೆ ಯಾವಾಗಲೂ ಖಾಲಿಯಿರುತ್ತಿದ್ದ ರವಿವಾರದ ಚೌಕದಲ್ಲಿ ಸಹಿ ಮಾಡಿಸಿದೆ.

ಸಹಿ ಮಾಡಿದ ಬಾಯಾರು ಹೊರಗೊಮ್ಮೆ ನೋಡಿ, ದನಿ ತಗ್ಗಿಸಿ, ಚೀಲದಿಂದ ಒಂದು ಹಸಿರು ಖಣ ತೆಗೆದರು. "ಮಾಸ್ತರ, ಬುಧವಾರ ನಮ್ಮಕ್ಕನ ಲಗ್ನ ಐತಿ. ಬೆಳಗಾವ್ಯಾಗ ಯಾವ ಟೇಲರೂ ತಗೋವಲ್ರು. ನಿಮ್ಮ ಕಾಲ ಅಳದದ್ದಾತು, ಈಗ ಇದಕ್ಕ ನನ್ನ ಅಳತಿ ತಗೋರಿ."

ಮಾಸ್ತರ ಕೊರಳಲ್ಲಿದ್ದ ಟೇಪು ಸರಿಮಾಡಿಕೊಂಡ. ಏಳು ವಾರ ಆಕೆ ಹೇಳಿದಂತೆಲ್ಲ ಕೇಳಿದ ಮನುಷ್ಯ, ಸ್ಟೂಲಿನ ಮೇಲೆ ಕೂತು, ಬಲಗಾಲನ್ನು ಆರಾಮಾಗಿ ಮಡಚಿ ಪೆಡಲಿನ ಮೇಲಿಟ್ಟ.

"ತಗೋತೇನ್ರಿ ಬಾಯಾರ. ಆದ್ರ ಹೊರಗ ಹೋಗಿ ಪಾಳಿ ಹಿಡಿರಿ. ನಿಮಗಿಂತ ಮೊದಲ ಹದಿಮೂರ ಮಂದಿ ಅದಾರ."